ಗುಹೆಯೊಳಗೊಂದು ಹರಟೆ

2015ರ ‘ಬೋನ್ ಟೊಮಾಹಾಕ್’ ಶುರುವಾಗುವುದೇ ಕತ್ತು ಕುಯ್ಯುವುದರಿಂದ. ತಟ್ಟೆ ಹಿಡಿದು ಕೂತವರು ಅಲ್ಲೇ ಎದ್ದುಬಿಡುವುದು ಕ್ಷೇಮ. ಆಮೇಲೆ ಸಿನಿಮಾ ಸಾವಕಾಶವಾಗಿ ಹರಟೆಗಿಳಿಯುತ್ತದೆ. ಊರವರನ್ನು ಹೊತ್ತೊಯ್ದ ನರಭಕ್ಷಕರನ್ನು ಹುಡುಕಿಕೊಂಡು ನಾಲ್ವರು ಹೊರಡುತ್ತಾರೆ. ಹೆಂಡತಿಯನ್ನು ಬಿಡಿಸಿ ತರಬೇಕಾದ ಗಂಡನ ಕಾಲೇ ಮುರಿದಿದೆ! ಜೊತೆಗೆ ಹೊರಟ ಮುದುಕ ಚಿಕೊರಿಯ ಬಾಯಿಗಂತೂ ಬಿಡುವಿಲ್ಲ. ಸ್ನಾನದ ತೊಟ್ಟಿಯಲ್ಲಿ ಪುಸ್ತಕ ನೆನೆಯದಂತೆ ಓದುವುದು ಹೇಗೆಂಬುದು ಅವನ ಚಿಂತೆ.

ಕೊನೆಗೆ ಗುಹೆಯಲ್ಲಿ, ಸೆರೆಸಿಕ್ಕವರ ಪಂಜರದೆದುರೇ, ನರಭಕ್ಷಕರು ಒಬ್ಬನನ್ನು ತಲೆಕೆಳಗಾಗಿ ಹಿಡಿದು ಎರಡು ಸೀಳು ಮಾಡುತ್ತಾರೆ. ಸಂಗೀತದ ಆಸರೆಯೂ ಇಲ್ಲ. ಕಣ್ಣಿಗೆ ದಿಂಬು ಅಡ್ಡ ಹಿಡಿದೆ, ಕಿವಿಗೆ ಏನು ಹಿಡಿಯಲಿ? ಅದೇ ಪಂಜರದಲ್ಲಿ ಕೂತ ಚಿಕೊರಿ, ಚಿಗಟಗಳ ಸರ್ಕಸ್ಸು ನಿಜವೋ ಮೋಸವೋ ಎಂದು ಚರ್ಚೆ ತೆಗೆಯುತ್ತಾನೆ. ಇಂಥವರಿಗೆ ನಮ್ಮ ಅರಳಿಕಟ್ಟೆಯಲ್ಲೂ ಬರವಿಲ್ಲ ಬಿಡಿ. ಆದರೆ ಅಲ್ಲಿ ಕೇಳುವವರಿಗೆ ಎದ್ದು ಹೋಗುವ ಸ್ವಾತಂತ್ರ್ಯವಿದೆ.