ಎಂಜಿನ್ ಇಳಿಸಿದ ಪ್ರಸಂಗ

ಕಾರಿನ ಹೊಗೆಯ ಬಣ್ಣವನ್ನು ಕಂಡು ಅದರ ವ್ಯಾಧಿಯನ್ನು ಹೇಳಬಲ್ಲ ಮಹನೀಯರು ಶ್ರೀರಂಗಪಟ್ಟಣದಂತಹ ಸಣ್ಣ ಊರಿನಲ್ಲಿಯೂ ದುರ್ಲಭರಲ್ಲ. ಕಪ್ಪಾದರೆ ಪೆಟ್ರೋಲಿನ ಅತಿರೇಕ, ನೀಲಿಯಾದರೆ ಎಣ್ಣೆಯ ದಹನ ಎಂಬ ಶಾಸ್ತ್ರದಲ್ಲಿ ಪಾರಂಗತರಾದ ಅವರು, ನಮ್ಮ ಅಂಬಾಸಿಡರ್ ಮಾರ್ಕ್ ಟು ರಂಗನಾಥನ ಗುಡಿಯ ಮುಂದೆ ಹಾದುಹೋದಾಗಲೆಲ್ಲ "ರಿಂಗು ಹೋಗಿದೆ ಸ್ವಾಮಿ" ಎಂದು ನಿಶ್ಶುಲ್ಕವಾಗಿ ತೀರ್ಪು ಕೊಡುತ್ತಿದ್ದರು. ಪಾಂಡವಪುರದ ದಾರಿಯಲ್ಲಿ ಮಾತ್ರ ನನಗೆ ಈ ಅಪಮಾನವಿರಲಿಲ್ಲ; ಆಲೆಮನೆಗಳ ಧೂಮದ ನಡುವೆ ನನ್ನ ಧೂಮವನ್ನು ಬೇರ್ಪಡಿಸಿ ಗುರುತಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಆದುದರಿಂದ ಚಿಕಿತ್ಸೆಗೂ ಆ ಊರೇ ಪ್ರಶಸ್ತವೆನಿಸಿತು. ಮೈಸೂರಿನ ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟ ಕಾರಣ ಒಂದು ಕಾಲದಲ್ಲಿ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಆ ಸ್ಥಳದಲ್ಲಿ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ವಂಶದಲ್ಲಿ ಹುಟ್ಟಿದ ನನ್ನ ಕಾರಿನ ಉದರವನ್ನು ಬಗೆಯುವುದರಲ್ಲಿ ಒಂದು ಬಗೆಯ ಐತಿಹಾಸಿಕ ನ್ಯಾಯವೂ ಇದ್ದಿತು. ಕಬ್ಬಿನ ಲಾರಿಗಳಲ್ಲಿ ಕೈ ಪಳಗಿಸಿಕೊಂಡಿದ್ದ ಮೇಸ್ತ್ರಿಯ ಮುಂದೆ ನಾನು ವಿನಯದಿಂದಲೇ ಬೇಡಿದೆ: ರಿಂಗು ಹೋಗಿದ್ದರೆ ರಿಂಗು ಹಾಕಿ, ಮಿಕ್ಕುದನ್ನು ಮುಟ್ಟಬೇಡಿ.

ಆತ ನಕ್ಕ. ಪಿಸ್ಟನ್ ಮೇಲೇರಿ ಹಿಂದಿರುಗುವ ಜಾಗದಲ್ಲಿ ಬಿಸಿ ಹೆಚ್ಚು, ಎಣ್ಣೆ ಕಡಿಮೆ. ಅಲ್ಲಿಯೇ ಸಿಲಿಂಡರು ಹೆಚ್ಚಾಗಿ ಸವೆದು, ದುಂಡಗಿದ್ದುದು ಅಂಡಾಕಾರವಾಗುತ್ತದೆ. ದುಂಡನೆಯ ಹೊಸ ರಿಂಗು ಅದರಲ್ಲಿ ಹೇಗೆ ಕೂರೀತು? ಆದ್ದರಿಂದ ಬೋರ್ ಮಾಡಿಸಬೇಕು, ಅಂದರೆ ಸುಮಾರು ಅರ್ಧ ಮಿಲಿಮೀಟರು ಅಗಲಿಸಿ 20 ಸೈಜಿನ ಪಿಸ್ಟನ್ ಹಾಕಬೇಕು. ಸರಿ, ಎಂದೆ. ಆಗ ಕಂಪ್ರೆಷನ್ ಹೆಚ್ಚುತ್ತದೆ. ಹೆಚ್ಚಿದ ಒತ್ತಡ ಕೆಳಗಿನ ಬೇರಿಂಗುಗಳ ಮೇಲೆ ಬೀಳುತ್ತದೆ. ಇಷ್ಟು ಕಾಲ ತೂಕಡಿಸಿಕೊಂಡಿದ್ದ ಅವು ಹೊಸ ಅಮಲ್ದಾರರು ಬಂದ ಕಚೇರಿಯ ಗುಮಾಸ್ತರಂತೆ ಒಮ್ಮೆಲೇ ಗೊಣಗತೊಡಗುತ್ತವೆ. ಹೀಗೆ ಒಂದನ್ನು ಹೊಸದು ಮಾಡಿದ ಕ್ಷಣವೇ ಅದರ ಪಕ್ಕದ್ದು ಹಳತಾಗುತ್ತದೆಂಬ ತತ್ತ್ವವನ್ನು ಆತ ಗ್ರೀಸು ಮೆತ್ತಿದ ಬೆರಳಿನಿಂದ ನನ್ನ ಶುಭ್ರವಾದ ಪಂಚೆಯ ಸಮೀಪದಲ್ಲಿಯೇ ನಿರೂಪಿಸಿದ.

ಬ್ಲಾಕು ಮತ್ತು ಕ್ರ್ಯಾಂಕು ಮೈಸೂರಿನ ಯಂತ್ರಾಲಯಕ್ಕೆ ಹೋದುವು. ನಾನು ಹಳೆಯ ರಾಕರ್ ಶಾಫ್ಟೊಂದನ್ನು ಅರಸಿಕೊಂಡು ಕೃಷ್ಣರಾಜಪೇಟೆಗೆ ಹೋದೆ. 2014ರಲ್ಲಿ ಉತ್ತರಪಾಡಾದ ಕಾರ್ಖಾನೆ ಅಂಬಾಸಿಡರಿಗೆ ಮಂಗಳ ಹಾಡಿದ ಮೇಲೆ ಇಂತಹ ವಸ್ತುಗಳಿಗೆ ಗುಜರಿಯೇ ಗತಿ. ಮಾಲೀಕ ಊಟಕ್ಕೆ ಹೋಗಿದ್ದನಾಗಿ, ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಲ್ಲಿ ಕಾದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಶಿಲ್ಪಿಗಳು ಕಡೆದು ನಿಲ್ಲಿಸಿದ ಕಂಬಗಳು ಇಂದಿಗೂ ಕನ್ನಡಿಯಂತಿವೆ! ಮತ್ಸರವೆನಿಸಿತಾದರೂ ನ್ಯಾಯವಾಗಿ ನೋಡಿದರೆ, ಅವು ತಿರುಗಿದ್ದು ಕಡೆಯುವಾಗ ಮಾತ್ರ. ಆಮೇಲೆ ನಿಂತೇ ಇವೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತತಕ್ಕ ಕ್ರ್ಯಾಂಕಿಗೆ ಆ ಸೌಖ್ಯವೆಲ್ಲಿಯದು?

ಶಾಫ್ಟು ಸಿಕ್ಕಿತು, ಒಡನೆಯೇ, ತತ್ತ್ವಾನುಸಾರವಾಗಿ, ರಾಕರುಗಳ ಬುಷ್‌ಗಳು ಸಡಿಲವೆನಿಸಿಕೊಂಡುವು. ನಾಗಮಂಗಲ ಲೋಹದ ಎರಕಕ್ಕೆ ಹೆಸರಾದ ಊರು. ದೇವತಾಮೂರ್ತಿಗಳನ್ನು ಎರೆಯುವ ಮನೆಯಿಂದ ತಂದ ಕಂಚಿನಲ್ಲಿ ಎಂಟು ರಾಕರುಗಳಿಗೂ ಬುಷ್ ಕಡೆಸಿದ್ದಾಯಿತು. ಸಂಗತಿ ತಿಳಿದಂದಿನಿಂದ ನಮ್ಮ ತಾಯಿಯವರು ಬಾನೆಟ್ಟಿಗೆ ಹಚ್ಚುವ ಕುಂಕುಮದ ಪ್ರಮಾಣ ಹೆಚ್ಚಿದೆ.

ಎಂಜಿನ್ ಮರಳಿ ಏರಿತು. ಮೊದಲ ಐನೂರು ಮೈಲಿ ಮೂವತ್ತು ಮೈಲಿಯ ವೇಗವನ್ನು ಮೀರಕೂಡದೆಂದು ಮೇಸ್ತ್ರಿಯ ಆಜ್ಞೆಯಾಗಿದ್ದುದರಿಂದ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ಸೋಗೆಗಳು ಗಾಜನ್ನು ಗುಡಿಸುತ್ತಿರಲು, ಗಾಂಭೀರ್ಯದಿಂದ ಸಂಚರಿಸಿದೆ. ಹೊಗೆಯಿಲ್ಲ, ಕಟಕಟ ಸದ್ದಿಲ್ಲ. ಮೇಸ್ತ್ರಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದು ಸುತ್ತು ಹೋದಾಗ, ಪ್ರಶಂಸೆಯನ್ನು ನಿರೀಕ್ಷಿಸುತ್ತಿದ್ದ ನನ್ನನ್ನು ಕೈಸನ್ನೆಯಿಂದ ತಡೆದು, ಆತ ಕಿವಿಗೊಟ್ಟು ಆಲಿಸಿ, ಎಂಜಿನ್ನಿನ ಗದ್ದಲದಲ್ಲಿ ಇಷ್ಟು ವರ್ಷ ಯಾರಿಗೂ ಕೇಳಿಸದಿದ್ದ ಗೇರ್‌ಬಾಕ್ಸಿನ ಗೋಳು ಈಗ ಸ್ಪಷ್ಟವಾಗಿ ಕೇಳಿಸುತ್ತಿದೆಯೆಂದು ಪರಮ ಸಂತೋಷದಿಂದ ಹೇಳಿದ. ಶುಕ್ರವಾರ ಅದನ್ನು ಇಳಿಸುತ್ತಾನಂತೆ.