ಹದಿನಾಲ್ಕನೇ ಮಹಡಿಯ ಹೆಜ್ಜೇನು ರಾಣಿಗೊಂದು ಬಹಿರಂಗ ಪತ್ರ

ಗೆ,
ಹೆಜ್ಜೇನು ಮಹಾರಾಣಿಯವರು,
ಹದಿನಾಲ್ಕನೇ ಮಹಡಿಯ ಬಾಲ್ಕನಿಯ ಅಡಿಭಾಗ,
‘ಬಿ’ ಬ್ಲಾಕ್, ವೈಟ್‌ಫೀಲ್ಡ್.

ವಿಷಯ: ಅಸೋಸಿಯೇಷನ್ನಿನ ಅನುಮತಿ ಪಡೆಯದೆ ಎರಿ ಕಟ್ಟಿರುವ ಬಗ್ಗೆ.

ಮಾನ್ಯರೇ,

ನಮ್ಮ ಬೈಲಾ ಪ್ರಕಾರ ಬಾಲ್ಕನಿ ಕಂಬಿಯ ಮೇಲೆ ಒಂದು ಟವೆಲ್ ಒಣಹಾಕುವುದೂ ತಪ್ಪು. ತಾವು ನೋಡಿದರೆ ಮೂರಡಿ ಅಗಲದ ಎರಿಯನ್ನೇ ಇಳಿಬಿಟ್ಟು, ಹತ್ತಾರು ಸಾವಿರ ಮಂದಿಯ ಸಂಸಾರ ಹೂಡಿ ಕೂತಿದ್ದೀರಿ. ಅಡ್ವಾನ್ಸ್ ಕೊಟ್ಟಿಲ್ಲ, ಸೆಕ್ಯುರಿಟಿಯ ರಿಜಿಸ್ಟರಿನಲ್ಲಿ ಸಹಿ ಹಾಕಿಲ್ಲ, ಮಾಂಸಾಹಾರಿಗಳೋ ಸಸ್ಯಾಹಾರಿಗಳೋ ಎಂಬ ಮಾಮೂಲಿ ಪ್ರಶ್ನೆಗೂ ಉತ್ತರಿಸಿಲ್ಲ. ಆದರೂ ತಮ್ಮ ಮೇಲೆ ನಮಗೆ ಸಿಟ್ಟಿಲ್ಲ. ತಾವು ಹುಟ್ಟುಗುಣದಂತೆ ನಡೆಯುವವರು. ನಾವು ಹಾಗಲ್ಲ, ಅಳೆದೂ ಸುರಿದೂ, ಸಾಧಕಬಾಧಕ ನೋಡಿ ನಡೆಯುವವರು. ಈ ಅಂತರವನ್ನು ತಮಗೆ ಮನವರಿಕೆ ಮಾಡಿಕೊಡಲು ಉಪಸಮಿತಿ ನನ್ನನ್ನು ನೇಮಿಸಿದೆ.

ಮೊದಲು ಜಾಗದ ವಿಚಾರ. ಬಂಡೆಗಳ ಚಾಚಿನ ಕೆಳಗೆ, ಎತ್ತರದ ಮರದ ಕೊಂಬೆಗಳಲ್ಲಿ ಕಟ್ಟುವ ವಂಶ ತಮ್ಮದು. ಎತ್ತರವಿದ್ದು, ಮೇಲೊಂದು ಗಟ್ಟಿ ಸೂರು, ಎದುರಿಗೆ ಬಯಲು ಸಿಕ್ಕರೆ ಸಾಕು, ಅದು ಬಂಡೆಯೋ ಬಿಲ್ಡರ್ ಕಟ್ಟಿದ್ದೋ ಎಂದು ತಾವು ವಿಚಾರಿಸುವುದಿಲ್ಲ. ಪೀಣ್ಯದ ಕಾರ್ಖಾನೆಯ ನೀರಿನ ಟ್ಯಾಂಕೂ ಆಗಬಹುದು, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದ ಸಜ್ಜಾವೂ ಆಗಬಹುದು. ಇಂಥ ಕುರುಡು ಆಯ್ಕೆ ನಮ್ಮದಲ್ಲ. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದ ಕಾಲದಲ್ಲೂ ‘ಲೇಕ್ ವ್ಯೂ’ಗೆಂದು ಲಕ್ಷಗಟ್ಟಲೆ ಹೆಚ್ಚು ಕೊಟ್ಟು, ವರ್ಷವಿಡೀ ಟ್ಯಾಂಕರ್ ನೀರಿಗೆ ಕಾಯುವವರು ನಾವು.

ನಮ್ಮ ಆಯ್ಕೆಯೇ ಮೇಲೆಂಬ ಈ ಮಾತಿಗೆ ತಕರಾರು ತೆಗೆದವರು ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ. ತಮ್ಮ ಯುರೋಪಿನ ನೆಂಟರು ಹೊಸ ಮನೆ ಹುಡುಕುವುದನ್ನು ಅವರು ವರ್ಷಗಟ್ಟಲೆ ಕೂತು ನೋಡಿದರು. ಜಾಗ ನೋಡಿಬಂದ ಜೇನು ಕುಣಿದು ವರದಿ ಒಪ್ಪಿಸುತ್ತದೆ. ಒಳ್ಳೆಯ ಜಾಗಕ್ಕೆ ಹೆಚ್ಚು ಕುಣಿತ, ಸಾಧಾರಣ ಜಾಗಕ್ಕೆ ಕಡಿಮೆ. ಉಳಿದವರು ಸ್ವತಃ ಹೋಗಿ ಪರೀಕ್ಷಿಸಿ ಬರುತ್ತಾರೆ. ಒಂದು ಜಾಗದಲ್ಲಿ ಇಪ್ಪತ್ತು ಮೂವತ್ತು ಮಂದಿ ಸೇರಿದರೆ ಕೋರಂ ಆಯಿತೆಂದು ಲೆಕ್ಕ. ತನ್ನ ಜಾಗ ಎಷ್ಟೇ ಚೆನ್ನಾಗಿರಲಿ, ಪ್ರತಿಯೊಬ್ಬಳೂ ಸಾರಿ ಸಾರಿಗೂ ಕುಣಿತ ಕಡಿಮೆ ಮಾಡಿ ಕೊನೆಗೆ ಸುಮ್ಮನಾಗುತ್ತಾಳಂತೆ. ನಮ್ಮ ವಾರ್ಷಿಕ ಸಭೆಗೆ ಕೋರಂ ಆದದ್ದು ಯಾರ ನೆನಪಿನಲ್ಲೂ ಇಲ್ಲ. ವಿಸಿಟರ್ ಪಾರ್ಕಿಂಗ್ ವಿಷಯ ಎತ್ತಿದವರು ಇನ್ನೂ ಸುಮ್ಮನಾಗಿಲ್ಲ.

ಅಂದಹಾಗೆ, ಗೂಡಿನಲ್ಲಿ ರಾಣಿಯ ಮಾತು ಏನೇನೂ ನಡೆಯುವುದಿಲ್ಲ, ಮೊಟ್ಟೆಯಿಡುವುದಷ್ಟೇ ತಮ್ಮ ಕೆಲಸ ಎಂದು ತಿಳಿದವರು ಹೇಳುತ್ತಾರೆ. ಐಐಎಸ್‌ಸಿಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಭ್ಯಸಿಸಿದ ಕಡಜದ ರಾಣಿಯಂತೂ ತೀರಾ ಸಾಧು; ಕೆಲಸದವರು ತಮ್ಮಷ್ಟಕ್ಕೆ ತಾವೇ ದುಡಿಯುತ್ತಾರೆ. ನಮ್ಮ ಅಧ್ಯಕ್ಷರಿಗೆ ಈ ಸಂಗತಿ ತಿಳಿದು ಬಹಳ ಸಮಾಧಾನವಾಗಿದೆ.

ಎರಡನೆಯದು ಕಾರುಗಳ ವಿಚಾರ. ಬಯಲಿನಲ್ಲಿ ನಿಲ್ಲಿಸಿದ ಬಿಳಿ ಕಾರುಗಳ ಮೇಲೆ ಅರಿಸಿನ ಚಿಮುಕಿಸಿದಂತೆ ಹಳದಿ ಚುಕ್ಕಿ. ಇದನ್ನು ಕಂಡೊಡನೆ ಒಬ್ಬರು ಪೇಂಟಿಂಗ್ ಕಂಟ್ರಾಕ್ಟರನ್ನು ಬೈದರು, ಇನ್ನೊಬ್ಬರು ಪಕ್ಕದ ಬ್ಲಾಕಿನ ಹುಡುಗರ ಮೇಲೆ ಸಂಶಯಪಟ್ಟು ಸಿಸಿಟಿವಿ ಕೇಳಿದರು. ತಾವು ಗುಂಪಾಗಿ ಹಾರಿ ಹೊಟ್ಟೆ ಖಾಲಿ ಮಾಡಿಕೊಂಡಿದ್ದೀರೆಂದು ಯಾರಿಗೂ ಹೊಳೆಯಲಿಲ್ಲ. ಬೇಸರಿಸಬೇಡಿ, ಅಮೆರಿಕ ಸರ್ಕಾರಕ್ಕೇ ಹೊಳೆದಿರಲಿಲ್ಲ. 1981ರಲ್ಲಿ ಅಲ್ಲಿನ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್, ಲಾವೋಸ್ ಮತ್ತು ಕಾಂಬೋಡಿಯಾದ ಕಾಡುಗಳಲ್ಲಿ ಸೋವಿಯತ್ ಬೆಂಬಲಿಗರು ‘ಹಳದಿ ಮಳೆ’ ಎಂಬ ವಿಷಾಸ್ತ್ರ ಸುರಿಸುತ್ತಿದ್ದಾರೆಂದು ಜಗತ್ತಿಗೆ ಸಾರಿದರು. ಹಾರ್ವರ್ಡ್‌ನ ಮ್ಯಾಥ್ಯೂ ಮೆಸೆಲ್ಸನ್ ಮಾದರಿಗಳನ್ನು ನೋಡಿದರೆ ಅದರ ತುಂಬ ಜೀರ್ಣವಾಗಿ ಸಿಪ್ಪೆ ಮಾತ್ರ ಉಳಿದ ಪರಾಗ. 1984ರಲ್ಲಿ ಅವರು ಇದೇ ಸೀಲಿಯವರ ಜೊತೆ ಥಾಯ್ಲೆಂಡಿಗೆ ಹೋದಾಗ, ಹೆಜ್ಜೇನಿನ ಮರಗಳ ಬಳಿ ಅವರ ಮೈಮೇಲೆಯೇ ಆ ಮಳೆ ಸುರಿಯಿತು. ತಮ್ಮ ಕುಲದ ಶೌಚವನ್ನು ಶೀತಲ ಸಮರದ ಕಡತಕ್ಕೆ ಸೇರಿಸಿದ್ದು ನಮ್ಮ ವಿವೇಚನಾಶಕ್ತಿ. ಕಾಣದ್ದನ್ನು ಕಂಡಾಗ ಶತ್ರುವನ್ನು ಹುಡುಕುವುದು ಹುಟ್ಟುಗುಣ ಎನ್ನುವವರ ಮಾತು ಕೇಳಬೇಡಿ.

ಮೂರನೆಯದು ತಮ್ಮ ಕುಣಿತ. ಹೂವು ಯಾವ ದಿಕ್ಕಿಗಿದೆ, ಎಷ್ಟು ದೂರದಲ್ಲಿದೆ ಎಂಬುದನ್ನು ತಾವು ಮೈ ಅಲ್ಲಾಡಿಸಿ ತಿಳಿಸುತ್ತೀರಿ. ಈ ಭಾಷೆಯನ್ನು ಬಿಡಿಸಿದ ಕಾರ್ಲ್ ವಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ದೂರವನ್ನು ಕುಣಿತದ ಅವಧಿಯಲ್ಲಿ ಹೇಳುವುದು ತಮ್ಮ ಪದ್ಧತಿ. ಜಿಕೆವಿಕೆ ಆವರಣದ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಆ್ಯಕ್ಸೆಲ್ ಬ್ರಾಕ್‌ಮನ್ ಮತ್ತು ಜೊತೆಗಾರರು 2020ರಲ್ಲಿ ತೋರಿಸಿದಂತೆ, ಅಷ್ಟೇ ದೂರಕ್ಕೆ ತುಡುವೆ ಜೇನು ಹೆಚ್ಚು ಹೊತ್ತು ಕುಣಿಯುತ್ತದೆ, ಬಹುದೂರ ಮೇಯುವ ತಾವು ಕಡಿಮೆ ಹೊತ್ತು. ಇದು ಕೀಟಗಳ ಒಗಟು, ನಮಗೆ ದಕ್ಕುವುದಿಲ್ಲ. ನಮ್ಮಲ್ಲಿ ಮಾರತ್ತಹಳ್ಳಿ ಎಷ್ಟು ದೂರ ಎಂದರೆ ‘ಒಂದು ಗಂಟೆ’ ಎನ್ನುತ್ತೇವೆ.

ಇನ್ನು ಚುಚ್ಚುವ ವಿಚಾರ. ಒಬ್ಬಳು ಕುಟುಕಿದರೆ ಬಾಳೆಹಣ್ಣಿನ ವಾಸನೆಯಂಥದ್ದೊಂದು ಹರಡಿ ಉಳಿದವರೆಲ್ಲ ಹಿಂದುಮುಂದು ನೋಡದೆ ನುಗ್ಗುತ್ತಾರೆ. ನಿಜವಾದ ಹುಟ್ಟುಗುಣ ಎಂದರೆ ಇದೇ. ಆದರೆ ಅದಕ್ಕೆ ಮೊದಲು ತಾವು ಎಚ್ಚರಿಕೆ ಕೊಡುತ್ತೀರಿ ಎಂಬುದನ್ನೂ ದಾಖಲಿಸಬೇಕು. ಕಡಜ ಹತ್ತಿರ ಬಂದರೆ ನೂರಾರು ಜೇನುಗಳು ಒಟ್ಟಿಗೆ ಹಿಂಬದಿ ಎತ್ತಿ, ಕ್ಷಣಾರ್ಧದಲ್ಲಿ ಎರಿಯುದ್ದಕ್ಕೂ ಅಲೆ ಹೊಮ್ಮಿಸುತ್ತವೆ. ಬಂದವನು ಹೆದರಿ ತಿರುಗುತ್ತಾನೆ. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ತಮ್ಮ ಫೋಟೊ ಬಿದ್ದಾಗ ಅಂಥ ಅಲೆ ಏಳಲಿಲ್ಲ, ನೇರ ನುಗ್ಗುವಿಕೆಯೇ. ‘ಕಿಲ್ಲರ್ ಬೀಸ್’ ಎಂದು ಒಬ್ಬರು, ಎಲ್ಲಿಯದೋ ವಿಡಿಯೊ ಇನ್ನೊಬ್ಬರು, ಪೆಸ್ಟ್ ಕಂಟ್ರೋಲ್‌ನವರ ನಂಬರ್ ಮತ್ತೊಬ್ಬರು. ಕಾಫಿ ಆರುವುದರೊಳಗೆ ನಿರ್ಣಯ ಪಾಸಾಯಿತು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ತಮ್ಮ ವಿಷಯದಲ್ಲಿ ನಾವು ಸುಟ್ಟೂ ನೋಡಿದ್ದೇವೆ. ಹೋದ ಸಲ ರಾತ್ರಿ ಹೊಗೆ ಹಾಕಿ ಔಷಧಿ ಹೊಡೆಸಿದಾಗ, ಬೆಳಿಗ್ಗೆ ಹೌಸ್‌ಕೀಪಿಂಗ್ ಅಮ್ಮ ಸತ್ತ ಜೇನುಗಳನ್ನು ಕಡ್ಡಿ ಪೊರಕೆಯಲ್ಲಿ ಗುಡಿಸಿ ಕಪ್ಪು ಕವರಿಗೆ ತುಂಬಿದರು. ಕೆಲವು ಇನ್ನೂ ರೆಕ್ಕೆ ಬಡಿಯುತ್ತಿದ್ದವು. ‘ಹೂವು ಮುಗಿದರೆ ಅವೇ ಎದ್ದು ಹೋಗ್ತಿದ್ವಲ್ಲ ಸಾರ್’ ಎಂದರು. ಅವರು ಅಸೋಸಿಯೇಷನ್ ಸದಸ್ಯರಲ್ಲವಾದ್ದರಿಂದ ಅಭಿಪ್ರಾಯ ದಾಖಲಾಗಲಿಲ್ಲ. ಅಂಥವರದೇ ಮಾತು ನಡೆಯುವ ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದಲ್ಲಿ ಒಂದೇ ಆಲದಮರಕ್ಕೆ ನೂರಾರು ಹೆಜ್ಜೇನು ಕಟ್ಟುತ್ತವೆ. ಊರು ಊರಾಗಿಯೇ ಇದೆ.

ನಮ್ಮ ವಾದಕ್ಕೆ ಇತ್ತೀಚೆಗೆ ಇನ್ನೊಂದು ಪೆಟ್ಟು ಬಿದ್ದಿದೆ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಅನುಭವಿಗಳ ಕುಣಿತ ನೋಡದೆ ಬೆಳೆದ ಎಳೆಯ ಜೇನುಗಳು ತಪ್ಪು ತಪ್ಪಾಗಿ ಕುಣಿದವು. ದಿಕ್ಕಿನ ತಪ್ಪು ಅಭ್ಯಾಸದಿಂದ ತಿದ್ದಿತು, ದೂರದ ತಪ್ಪು ಕೊನೆವರೆಗೂ ತಿದ್ದಲಿಲ್ಲ. ಅಂದರೆ ಹುಟ್ಟಿನಿಂದ ಬಂದದ್ದಕ್ಕೂ ಹಿರಿಯರ ಪಾಠ ಬೇಕು. ಇತ್ತ, ಹುಟ್ಟಿನಿಂದ ಬಂದದ್ದೆಂದು ನಾವು ಹೇಳಿಕೊಳ್ಳುವ ಭಯದ ಕಥೆ ನೋಡಿ. ಪ್ರಯೋಗಾಲಯದಲ್ಲಿ ಬೆಳೆದ ಕೋತಿಗಳಿಗೆ ಹಾವಿನ ಭಯವಿರಲಿಲ್ಲ. ಬೇರೆ ಕೋತಿ ಹೆದರುವುದನ್ನು ಕಂಡ ಮೇಲೆ ಬಂತು. ನಮ್ಮ ಆಟದ ಅಂಗಳದ ಮಕ್ಕಳು ಎರಿಯತ್ತ ಬೆರಳು ತೋರಿಸಿ ಎಣಿಸಲು ಹೊರಟಿದ್ದರು. ಕಿರುಚಿದ್ದು ದೊಡ್ಡವರು. ಮರುದಿನದಿಂದ ಮಕ್ಕಳೂ ಶಾಸ್ತ್ರೋಕ್ತವಾಗಿ ಕಿರುಚುತ್ತಿದ್ದಾರೆ.

ಈ ಎಲ್ಲ ಕಾರಣಗಳಿಂದ, ಮನುಷ್ಯರ ವಿವೇಕಕ್ಕೆ ಚ್ಯುತಿ ಬಾರದಂತೆ ಉಪಸಮಿತಿ ಹೀಗೆ ಶಿಫಾರಸು ಮಾಡುತ್ತದೆ. ತಾವು ಹೊರಡುವವರೆಗೆ ಆ ಬದಿಯ ಗೋಡೆಗೆ ಹಗ್ಗ ಕಟ್ಟಿ ಬಣ್ಣ ಬಳಿಯುವ ಕೆಲಸ ನಿಲ್ಲಬೇಕು. ದೀಪದ ಬೆಳಕಿಗೆ ತಾವು ನುಗ್ಗುವುದರಿಂದ ಆ ಬಾಲ್ಕನಿಗಳ ದೀಪ ರಾತ್ರಿ ಆರಿರಬೇಕು. ಕಾರು ತೊಳೆಯುವ ಖರ್ಚು ಮಾಲೀಕರದ್ದು. ಬಾಡಿಗೆದಾರರಿಗೆ ನಾವು ಹನ್ನೊಂದು ತಿಂಗಳ ಕರಾರು ಬರೆಯುತ್ತೇವೆ. ತಾವು ಅಷ್ಟು ದಿನ ಇರುವುದೂ ಇಲ್ಲ, ಖಾಲಿ ಮಾಡಿ ಎಂದು ಹೇಳಿಸಿಕೊಳ್ಳುವುದೂ ಇಲ್ಲ. ಶಿಫಾರಸನ್ನು ಮುಂದಿನ ವಾರ್ಷಿಕ ಸಭೆಯ ಮುಂದಿಡಲಾಗುವುದು. ಕೋರಂ ಆಗದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ತಾವು ಹೊರಟಿರುತ್ತೀರಿ ಎಂಬುದೇ ಉಪಸಮಿತಿಯ ಭರವಸೆ.

ಇಂತಿ ತಮ್ಮ ವಿಶ್ವಾಸಿ,
ಉಪಸಮಿತಿಯ ಸದಸ್ಯ
(ಹುಟ್ಟುಗುಣ: ಅರ್ಜಿ ಬರೆಯುವುದು)

ಪ್ರತಿಗಳು:
1. ಬಿಳಿ ಕಾರುಗಳ ಮಾಲೀಕರಿಗೆ, ಮಾಹಿತಿಗಾಗಿ.
2. ಪೆಸ್ಟ್ ಕಂಟ್ರೋಲ್‌ನವರಿಗೆ, ಬರಬೇಡಿರೆಂದು ತಿಳಿಸಲು.
3. ಹೌಸ್‌ಕೀಪಿಂಗ್ ಅಮ್ಮನಿಗೆ, ದಾಖಲಾಗದ ಅಭಿಪ್ರಾಯವನ್ನು ದಾಖಲಿಸಿಕೊಂಡಿದ್ದೇವೆಂದು.