ಆನೆ, ಲಾರಿ ಮತ್ತು ಹೈಡನ್

(ಕ್ಯಾಲೆ ಬಂದರು. 2021ರ ಜನವರಿಯಿಂದ ಬ್ರೆಕ್ಸಿಟ್‌ನ ಹೊಸ ನಿಯಮಗಳು ಜಾರಿಯಲ್ಲಿವೆ. ಲಂಡನ್ನಿನ ಆರ್ಕೆಸ್ಟ್ರಾ ಒಂದರ ಮ್ಯಾನೇಜರ್ ಫೈಲುಗಳ ಗಂಟು ಹೊತ್ತು ನಿಂತಿದ್ದಾರೆ.)

ಅಧಿಕಾರಿ: ಆನೆ ಎಲ್ಲಿ?

ಮ್ಯಾನೇಜರ್: ನಾವು ಸರ್ಕಸ್ಸಿನವರಲ್ಲ, ಸ್ವಾಮಿ.

ಅಧಿಕಾರಿ: ಈ ಹಳೇ ಪಿಟೀಲು ಕಮಾನಿನ ತುದಿಯಲ್ಲಿ ಚೂರು ದಂತವಿದೆ. ವನ್ಯಜೀವಿ ವ್ಯಾಪಾರದ ಸೈಟಿಸ್ ಪ್ರಮಾಣಪತ್ರ ತೆಗೆಯಿರಿ. (ಈ ನಿಯಮ ವಿಡಂಬಕನ ಕಲ್ಪನೆಯಲ್ಲ, ನಿಜವೇ.)

ಮ್ಯಾನೇಜರ್: ಇಗೋ. ಸುಂಕದವರಿಗೆ ತೋರಿಸುವ ಕಾರ್ನೆ ಪಟ್ಟಿಯೂ ಇದೆ: ಲಾರಿಯಲ್ಲಿರುವ ಒಂದೊಂದು ವಾದ್ಯದ ಹೆಸರು, ಬೆಲೆ, ತೂಕ.

ಅಧಿಕಾರಿ: ಲಾರಿ ನಿಮ್ಮದೇ? ಹಾಗಾದರೆ ಬ್ರಿಟನ್ನಿನ ಲಾರಿಗಿರುವ ನಿಯಮದಂತೆ ಮೂರು ಊರು ಮುಟ್ಟಿ ವಾಪಸ್ಸು.

ಮ್ಯಾನೇಜರ್: ಸಂಗೀತ ಕಛೇರಿ ಐದು ಊರಲ್ಲಿದೆಯಲ್ಲ!

ಅಧಿಕಾರಿ: ಉಳಿದೆರಡು ಊರಿನವರು ಲಂಡನ್ನಿಗೇ ಬಂದು ಕೇಳಲಿ. ನಿಮ್ಮವರು ಒಳಗೆ ಬಿಟ್ಟರೆ.

ಮ್ಯಾನೇಜರ್: ಯುರೋಪಿಯನ್ ಯೂನಿಯನ್ ಯೂತ್ ಆರ್ಕೆಸ್ಟ್ರಾದ ಹುಡುಗರೇ ಜಾಣರು. ಬ್ರೆಕ್ಸಿಟ್ ಜಾರಿಗೆ ಮುನ್ನವೇ, 2018ರಲ್ಲಿ, ಲಂಡನ್ ಬಿಟ್ಟು ಇಟಲಿಯ ಫೆರಾರಾ ಸೇರಿಕೊಂಡರು.

ಅಧಿಕಾರಿ: ಈ ಬಸೂನ್‌ನವರು 180 ದಿನಗಳಲ್ಲಿ 89 ದಿನ ಇಲ್ಲೇ ಕಳೆದಿದ್ದಾರೆ. ವೀಸಾ ಇಲ್ಲದೆ ಇರಲು ಮಿತಿ 90.

ಮ್ಯಾನೇಜರ್: ಫ್ರೀಲಾನ್ಸರ್, ಪಾಪ. ನಾಲ್ಕು ತಂಡದಲ್ಲಿ ಊದಿದರೇ ಊಟ.

ಅಧಿಕಾರಿ: ನುಡಿಸುವುದೇನು?

ಮ್ಯಾನೇಜರ್: ಬೀಥೋವನ್ನನ ಒಂಬತ್ತನೆಯ ಸಿಂಫನಿ ಇತ್ತು. ಅದರ ಧಾಟಿಯೇ ನಿಮ್ಮ ಒಕ್ಕೂಟದ ಗೀತೆಯಲ್ಲವೇ, ಮುಲಾಜಿಗಾದರೂ ಬಿಡುತ್ತೀರೆಂಬ ಆಸೆ. ಈಗ ಹೈಡನ್ನನ 45ನೆಯದಕ್ಕೆ ಇಳಿದಿದ್ದೇವೆ. ವಾದಕರನ್ನು ಮನೆಗೆ ಕಳಿಸದ ದೊರೆಗೆ ಸೂಚನೆ ಕೊಡಲು 1772ರಲ್ಲಿ ಬರೆದದ್ದಂತೆ. ಕೊನೆಯಲ್ಲಿ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ.

ಅಧಿಕಾರಿ: (ಮೊದಲ ಬಾರಿಗೆ ಮುಖ ಅರಳಿಸಿ) ಇದಪ್ಪಾ ಕಾನೂನುಬದ್ಧ ಸಂಗೀತ! ಎಲ್ಲರೂ ಹೋಗುತ್ತಾರಾ?

ಮ್ಯಾನೇಜರ್: ಪಿಟೀಲಿನವರಿಬ್ಬರು ಉಳಿಯುತ್ತಾರೆ.

ಅಧಿಕಾರಿ: ಆ ಇಬ್ಬರ ಪಾಸ್‌ಪೋರ್ಟ್ ಇಲ್ಲಿ ಕೊಡಿ.